ಮಗಳ ಕೆನ್ನೆ ಮೇಲೆ ಕೆಂಪು ಗುಳ್ಳೆ, ಮುಟ್ಟಿದ್ರೆ ಸಾಕು ರಕ್ತ, ಏನಿರಬಹುದು?

ಪಾಪುಅಮ್ಮ_ಮೈಸೂರು
ಎಲ್ರಿಗೂ ನಮಸ್ಕಾರ. ತಲೆ ಕೆಟ್ಟು ಇಲ್ಲಿ ಹಾಕ್ತಿದೀನಿ, ಬೈಬೇಡಿ. ಮಗಳಿಗೆ ಐದು ವರ್ಷ, ಯುಕೆಜಿ. ಒಂದು ತಿಂಗಳ ಹಿಂದೆ ಎಡಗೆನ್ನೆ ಮೇಲೆ ಸೊಳ್ಳೆ ಕಚ್ಚಿದ ಥರ ಒಂದು ಚುಕ್ಕೆ ಬಂತು, ನಾವೂ ಸೊಳ್ಳೆ ಅಂತಾನೇ ಬಿಟ್ವಿ. ಹೋಗೋದು ಬಿಟ್ಟು ದಿನಾ ದಪ್ಪ ಆಗ್ತಾ ಆಗ್ತಾ ಈಗ ಸರಿಯಾಗಿ ದಾಳಿಂಬೆ ಕಾಳು ಅಂಟಿಸಿದಂಗಿದೆ, ಹಂಗೇ ಕೆಂಪಗೆ, ಹಂಗೇ ಪಳಪಳ. ನೋವಿಲ್ಲ, ಕೆರೆತ ಇಲ್ಲ. ಆದ್ರೆ ಟವೆಲ್ ತಾಗಿದ್ರೆ ರಕ್ತ, ತಲೆ ಬಾಚುವಾಗ ಬಾಚಣಿಗೆ ತಾಗಿದ್ರೆ ರಕ್ತ. ಭಾನುವಾರ ಬೆಳಿಗ್ಗೆ ಕೆನ್ನೆ ದಿಂಬಿನ ಕವರಿಗೆ ಅಂಟ್ಕೊಂಡಿತ್ತು, ಬಿಡಿಸಿದ ತಕ್ಷಣ ಮತ್ತೆ ಶುರು. ಮೊನ್ನೆ ಸ್ಕೂಲಿಂದ ಫೋನ್ ಬಂತು, ಹೋಗಿ ನೋಡಿದ್ರೆ ಯೂನಿಫಾರ್ಮ್ ಶರ್ಟಿನ ಕಾಲರ್ ಪೂರ್ತಿ ಕೆಂಪು, ಮಿಸ್ಸು ಮಗಳಿಗಿಂತ ಜಾಸ್ತಿ ಹೆದರಿದ್ರು. ಮನೆ ಹತ್ರದ ಕ್ಲಿನಿಕ್ಕಲ್ಲಿ ಕೀವಾಗಿದೆ ಅಂತ ಆಂಟಿಬಯಾಟಿಕ್ ಮುಲಾಮು ಕೊಟ್ರು, ಹತ್ತು ದಿನ ಹಚ್ಚಿದ್ವಿ, ಏನೂ ಬದಲಾಗ್ಲಿಲ್ಲ. ರಾತ್ರಿ ಗೂಗಲ್ ಮಾಡಕ್ಕೆ ಹೋಗಿ ಕ್ಯಾನ್ಸರ್ ಫೋಟೋ ಎಲ್ಲಾ ನೋಡ್ಕೊಂಡು ಈಗ ನಿದ್ದೆ ಇಲ್ಲ. ಯಾರ ಮಕ್ಕಳಿಗಾದ್ರೂ ಹಿಂಗಾಗಿತ್ತಾ?

ಹುಬ್ಳಿ_ಮಾಮಾ
ಅಂಜಬ್ಯಾಡ್ರಿ ಅಕ್ಕಾರ. ನಮ್ಮ ಅಕ್ಕನ ಮಗಗ ಹೆಬ್ಬೆರಳಿಗೆ ಇಂಥಾದ್ದ ಆಗಿತ್ರಿ, ಬರೇ ಹೆಸರಕಾಳಿನಷ್ಟು, ರಕ್ತ ಮಾತ್ರ ನಲ್ಲಿ ಬಿಟ್ಟಂಗ. ಸಣ್ಣ ಆಪರೇಷನ್ ಮಾಡಿ ತಗದ್ರು, ಕಾಲು ತಾಸಿನ ಕೆಲಸ. ಹೆಸರು ಏನೋ ಗ್ರಾನುಲೋಮಾ ಅಂದಿದ್ರು. ಚರ್ಮದ ಡಾಕ್ಟ್ರಿಗೇ ತೋರಸ್ರಿ, ಮನೀಮದ್ದು ಏನೂ ಹಚ್ಚಾಕ ಹೋಗಬ್ಯಾಡ್ರಿ.

ಗೌಡ್ರ_ತೋಟ
ಇದು ನರುಳ್ಳೆ ಕಣ್ರೀ ಅಷ್ಟೇ. ಬುಡಕ್ಕೆ ಕೂದಲು ಬಿಗಿಯಾಗಿ ಕಟ್ಟಿ, ನಾಲ್ಕು ದಿನಕ್ಕೆ ಒಣಗಿ ಉದುರ್ತದೆ. ನಮ್ ಕಾಲದಲ್ಲಿ ಎಲ್ರೂ ಮಾಡ್ತಿದ್ದಿದ್ದೇ. ಸುಮ್ನೆ ಆಸ್ಪತ್ರೆಗೆ ದುಡ್ಡು.

ಕಡಲತಡಿ
ಮಾರಾಯ್ರೆ ದಯವಿಟ್ಟು ಕಟ್ಟುವುದು ಸುಡುವುದು ಯಾವ್ದೂ ಬೇಡ. ನಾನು ಚಿಕ್ಕದಿರುವಾಗ ಕೈಯಲ್ಲಿ ಒಂದು ಗಂಟು ಇತ್ತು, ಅಜ್ಜಿ ಗೇರುಬೀಜದ ಸಿಪ್ಪೆ ಸುಟ್ಟು ಅದರ ಎಣ್ಣೆ ಮುಟ್ಟಿಸಿದ್ರು. ಗಂಟು ಹೋಯ್ತು ನಿಜ, ಸುತ್ತ ಒಂದು ರೂಪಾಯಿ ಅಗಲದ ಚರ್ಮವೂ ಅದರ ಜೊತೆಗೇ ಹೋಯ್ತು. ನಲ್ವತ್ತು ವರ್ಷ ಆಯ್ತು, ಕಲೆ ಈಗಲೂ ಉಂಟು. ಇದು ಕೈಯಲ್ಲ, ಹೆಣ್ಣು ಮಗುವಿನ ಕೆನ್ನೆ.

ಚರ್ಮದ_ಪಿಜಿ
ನಾನು ಡಾಕ್ಟ್ರು, ಡರ್ಮಟಾಲಜಿ ಅಂದ್ರೆ ಚರ್ಮರೋಗದಲ್ಲಿ ಎರಡನೇ ವರ್ಷದ ಪಿಜಿ ಓದ್ತಿದೀನಿ. ನೋಡದೆ ಇದೇ ಅಂತ ಹೇಳಕ್ಕಾಗಲ್ಲ, ಮೊದಲು ಕೆಲವು ಪ್ರಶ್ನೆ. ಗುಳ್ಳೆ ಒಂದೇನಾ ಬೇರೆ ಕಡೆನೂ ಇದೆಯಾ? ಹುಟ್ಟಿದಾಗ ಅಲ್ಲಿ ಮಚ್ಚೆ ಗಿಚ್ಚೆ ಇತ್ತಾ? ಗುಳ್ಳೆ ಬುಡದಲ್ಲಿ ಸುತ್ತಲೂ ತೆಳು ಬಿಳಿ ಸಿಪ್ಪೆ, ಬಳೆ ಹಾಕಿದ ಥರ ಕಾಣತ್ತಾ? ಮೈಮೇಲೆ ಸುಮ್ಸುಮ್ನೆ ನೀಲಿ ಕಟ್ಟೋದು, ಮೂಗಲ್ಲಿ ವಸಡಲ್ಲಿ ರಕ್ತ, ಜ್ವರ, ತೂಕ ಇಳಿಯೋದು ಏನಾದ್ರೂ? ರಕ್ತ ಬಂದಾಗ ನಿಲ್ಲಕ್ಕೆ ಎಷ್ಟು ಹೊತ್ತು, ನೀವು ಏನು ಮಾಡ್ತೀರಾ?

ಪಾಪುಅಮ್ಮ_ಮೈಸೂರು
ಒಂದೇ ಒಂದು ಗುಳ್ಳೆ ಮೇಡಂ. ಹುಟ್ಟಿದಾಗ ಏನೂ ಇರ್ಲಿಲ್ಲ. ನೀವು ಹೇಳಿದ್ಮೇಲೆ ಟಾರ್ಚ್ ಹಾಕಿ ನೋಡ್ದೆ, ಹೌದು ಬುಡದಲ್ಲಿ ಬೆಳ್ಳಗೆ ಒಂದು ರಿಂಗ್ ಇದೆ!! ಜ್ವರ, ನೀಲಿ ಕಟ್ಟೋದು ಏನೂ ಇಲ್ಲ, ಆರಾಮಾಗಿ ಆಡ್ಕೊಂಡಿದಾಳೆ. ರಕ್ತ ಬಂದ್ರೆ ಟಿಶ್ಯೂ ಇಟ್ಟು ಒತ್ತುತೀನಿ, ನಿಂತಿದೆಯಾ ಅಂತ ತೆಗ್ದು ನೋಡ್ತೀನಿ, ಮತ್ತೆ ಬರತ್ತೆ, ಹಿಂಗೇ ಇಪ್ಪತ್ತು ನಿಮಿಷ ಆಗೋಗತ್ತೆ. ಅತ್ತೆ ಒಂದ್ಸಲ ಕಾಫಿಪುಡಿ ಮೆತ್ತಿದ್ರು.

ಚರ್ಮದ_ಪಿಜಿ
ಕಾಫಿಪುಡಿ ನಮ್ಮ ಓಪಿಡಿಗೆ ದಿನಾ ಬರತ್ತೆ, ಹೊಸದೇನಲ್ಲ 🙂 ಆದ್ರೆ ಮೆತ್ತಬೇಡಿ. ಸೋಂಕು ಒಂದು ಕಡೆ, ಕರ್ರಗೆ ಅಂಟ್ಕೊಂಡ್ರೆ ಒಳಗೆ ಏನಿದೆ ಅಂತ ನಮಗೆ ಕಾಣೋದೇ ಇಲ್ಲ.

ನೀವು ಹೇಳ್ತಿರೋದು ಕೇಳಿದ್ರೆ ಮೊದಲು ನೆನಪಾಗೋದು ಪಯೋಜೆನಿಕ್ ಗ್ರಾನುಲೋಮ. ಹುಬ್ಳಿ ಮಾಮಾ ಹೇಳಿದ್ದೂ ಬಹುಶಃ ಅದೇ. ಹೆಸರು ಪೂರ್ತಿ ಸುಳ್ಳು, ಪಯೋಜೆನಿಕ್ ಅಂದ್ರೆ ಕೀವು ಮಾಡೋದು ಅಂತ, ಇದ್ರಲ್ಲಿ ಕೀವೂ ಇಲ್ಲ, ಮೈಕ್ರೋಸ್ಕೋಪಲ್ಲಿ ನೋಡಿದ್ರೆ ಗ್ರಾನುಲೋಮನೂ (ಉರಿಯೂತದ ಕಣಗಳು ಸೇರಿ ಆಗೋ ಗಂಟು) ಅಲ್ಲ. ನೂರು ವರ್ಷಕ್ಕಿಂತ ಹಿಂದೆ ಯಾರೋ ತಪ್ಪು ತಿಳ್ಕೊಂಡು ಇಟ್ಟ ಹೆಸರು ಹಂಗೇ ಉಳ್ಕೊಂಡಿದೆ. ಕೂದಲೆಳೆಗಿಂತ ಸಣ್ಣ ರಕ್ತನಾಳಗಳು ಒಂದು ಕಡೆ ಗೊಂಚಲು ಗೊಂಚಲಾಗಿ ಬೆಳೆದು ಮೇಲೆದ್ದಿರತ್ತೆ, ಮೇಲಿನ ಚರ್ಮ ಈರುಳ್ಳಿ ಪೊರೆ ಥರ ತೆಳು, ಒಂಚೂರು ಉಜ್ಜಿದ್ರೆ ಹರಿಯತ್ತೆ, ಅದಕ್ಕೇ ಗಾತ್ರಕ್ಕೂ ರಕ್ತಕ್ಕೂ ಸಂಬಂಧನೇ ಇರಲ್ಲ. ಒಳಗೆ ಕೀವಿಲ್ಲದ ಮೇಲೆ ಆಂಟಿಬಯಾಟಿಕ್ ಮುಲಾಮಿಗೆ ಅಲ್ಲೇನು ಕೆಲಸ. ಮಕ್ಕಳಲ್ಲಿ ಸಾಮಾನ್ಯ, ಮುಖ ಕುತ್ತಿಗೆ ಬೆರಳು ಜಾಸ್ತಿ, ಕೆಲವೇ ವಾರದಲ್ಲಿ ಬೆಳೆಯತ್ತೆ. ಕೆಲವರಿಗೆ ಸಣ್ಣ ಗಾಯ ಆದ ಜಾಗದಲ್ಲಿ ಬರತ್ತೆ, ತುಂಬಾ ಜನಕ್ಕೆ ಕಾರಣನೇ ಸಿಗಲ್ಲ, ಹಾಗಾಗಿ ನೀವು ಏನೋ ತಪ್ಪು ಮಾಡಿದ್ರಿ ಅಂತೆಲ್ಲಾ ಅಂದ್ಕೋಬೇಡಿ. ಇದು ಕ್ಯಾನ್ಸರ್ ಅಲ್ಲ.

ಆದ್ರೆ, ಇದು ಅದೇನೇ ಅಂತ ಯಾರಾದ್ರೂ ಕಣ್ಣಲ್ಲಿ ನೋಡಿ ಹೇಳ್ಬೇಕು. ಮಕ್ಕಳಲ್ಲಿ ಮೆಲನೋಮ ಅನ್ನೋ ಚರ್ಮದ ಕ್ಯಾನ್ಸರ್ ಬಹಳ ಅಪರೂಪ, ಆದ್ರೆ ಬಂದಾಗ ದೊಡ್ಡವರ ಥರ ಕಪ್ಪಗೆ ಇರ್ಲೇಬೇಕು ಅಂತಿಲ್ಲ, ಗುಲಾಬಿ ಇಲ್ಲಾ ಕೆಂಪು ಗಂಟಾಗಿ ರಕ್ತ ಸುರಿಸ್ಕೊಂಡು ಬರೋದೂ ಉಂಟು. ಸ್ಪಿಟ್ಸ್ ನೀವಸ್ ಅಂತ ಇನ್ನೊಂದು ಗುಲಾಬಿ ಮಚ್ಚೆ ಇದೆ, ಅದೂ ಹಿಂಗೇ ದಾರಿ ತಪ್ಪಿಸತ್ತೆ. ಅದಕ್ಕೇ ತೆಗೆದ ತುಂಡನ್ನ ಬಯಾಪ್ಸಿಗೆ ಕಳಿಸೋದು.

ಈಗ ರಕ್ತದ ವಿಷಯ. ಟಿಶ್ಯೂ ಬೇಡ, ಹರಿದು ಅಂಟ್ಕೊಳತ್ತೆ. ಒಗೆದ ಹತ್ತಿ ಬಟ್ಟೆ ಇಲ್ಲಾ ಗಾಜ್ (ಗಾಯಕ್ಕೆ ಕಟ್ಟೋ ಜಾಳು ಬಟ್ಟೆ) ನಾಲ್ಕು ಮಡಿಕೆ ಮಾಡಿ, ಮಗುನ ಕೂರಿಸ್ಕೊಂಡು, ಫೋನಲ್ಲಿ ಹತ್ತು ನಿಮಿಷ ಟೈಮರ್ ಇಟ್ಟು ಒಂದೇ ಸಮ ಒತ್ತಿ ಹಿಡೀರಿ. ಮಧ್ಯ ತೆಗ್ದು ನೋಡ್ಲೇಬೇಡಿ, ನೀವು ಇಣುಕಿದಾಗೆಲ್ಲಾ ಆಗ ತಾನೇ ಕಟ್ಟಿದ ಹೆಪ್ಪು ಕಿತ್ತು ಬರ್ತಿದೆ, ಇಪ್ಪತ್ತು ನಿಮಿಷ ಆಗ್ತಿರೋದು ಅದಕ್ಕೇ. ನಿಲ್ಲದಿದ್ರೆ ಇನ್ನೊಂದು ಹತ್ತು ನಿಮಿಷ. ಆಗ್ಲೂ ನಿಲ್ಲದಿದ್ರೆ ಆಸ್ಪತ್ರೆ. ಆಮೇಲೆ ವ್ಯಾಸಲೀನ್ ಸವರಿ ಅದ್ರ ಮೇಲೆ ಗಾಜ್ ಇಟ್ಟು ಪ್ಲಾಸ್ಟರ್, ಬಿಚ್ಚೋವಾಗ ನೀರಲ್ಲಿ ನೆನೆಸಿ ಬಿಚ್ಚಿ.

ಪಾಪುಅಮ್ಮ_ಮೈಸೂರು
ಮೇಡಂ ನಿಮಗೆ ಎಷ್ಟು ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ಗುರುವಾರಕ್ಕೆ ಚರ್ಮದ ಡಾಕ್ಟ್ರ ಅಪಾಯಿಂಟ್ಮೆಂಟ್ ತಗೊಂಡೆ.

ಸಾಗರದವ
ನಮ್ಮ ಕಡೆ ಮಳೆಗಾಲದಲ್ಲಿ ಹುಡುಗರ ಕಾಲಲ್ಲಿ ರಕ್ತ ಬರೋ ಗುಳ್ಳೆ ಅಂದ್ರೆ ಮೊದಲು ನೆನಪಾಗೋದು ಇಂಬಳ. ತಮಾಷೆಗಲ್ಲ, ಬೆಂಗಳೂರಿಂದ ರಜಕ್ಕೆ ಬಂದ ನನ್ನ ತಂಗಿ ಮಗ ತೋಟಕ್ಕೆ ಹೋಗಿ ಬಂದು ಸಾಕ್ಸ್ ಬಿಚ್ಚಿದ್ರೆ ಪೂರ್ತಿ ರಕ್ತ, ಇಂಬಳ ಆಗ್ಲೇ ಕುಡ್ಕೊಂಡು ಉದುರಿತ್ತು, ಇವರು ಏನೋ ಗುಳ್ಳೆ ಒಡೆದು ರಕ್ತ ನಿಲ್ತಿಲ್ಲ ಅಂತ ರಾತ್ರಿ ಒಂಬತ್ತಕ್ಕೆ ಸಾಗರಕ್ಕೆ ಗಾಡಿ ಹೊಡ್ಸಿದ್ರು. ಅದ್ರ ಜೊಲ್ಲಲ್ಲಿ ರಕ್ತ ಹೆಪ್ಪುಗಟ್ಟದೇ ಇರೋ ಅಂಶ ಇರ್ತದೆ, ತಾಸುಗಟ್ಲೆ ಒಸರೋದು ಮಾಮೂಲು. ಆಮೇಲೆ ವಾರಗಟ್ಲೆ ತುರಿಕೆ, ಕೆರೆದು ಕೆರೆದು ಮತ್ತೆ ರಕ್ತ. ಉಣುಗಾದ್ರೆ ಬೇರೆ ಮಾತು, ಅದ್ನ ಹಿಸುಕದೇ ಚಿಮುಟದಲ್ಲಿ ಚರ್ಮಕ್ಕೆ ತಾಗಿ ಹಿಡಿದು ನೆಟ್ಟಗೆ ಎಳೀಬೇಕು. ಆಮೇಲೆ ಜ್ವರ ಬಂದ್ರೆ ಕಾಡಿಗೆ ಹೋಗಿದ್ದು ಡಾಕ್ಟ್ರಿಗೆ ಹೇಳ್ಬೇಕು, ಮಂಗನ ಕಾಯಿಲೆ ಮೊದ್ಲು ಕಂಡಿದ್ದು ನಮ್ಮ ಸೊರಬದ ಕ್ಯಾಸನೂರು ಕಾಡಲ್ಲೇ, 1957ರಲ್ಲಿ.

ಗೌಡ್ರ_ತೋಟ
ಕೆನ್ನೆ ಮೇಲೆ ತಿಂಗಳುಗಟ್ಲೆ ಇಂಬಳ ಕೂತಿರ್ತದಾ ಸ್ವಾಮಿ 😀

ಸಾಗರದವ
ಕೂರೋದಿಲ್ಲ ಗೌಡ್ರೆ, ಆದ್ರೆ ಇದನ್ನ ಓದೋರೆಲ್ಲ ಮೈಸೂರಲ್ಲೇ ಇರಲ್ವಲ್ಲ.

ಅವಳಿ_ಅಪ್ಪ
ನಮ್ಮ ಅವಳಿ ಮಕ್ಕಳಿಗೆ ಹೊಟ್ಟೆ ಮೇಲೆ, ಕಂಕುಳಲ್ಲಿ ಮುತ್ತಿನ ಥರ ಸಣ್ಣ ಸಣ್ಣ ಗುಳ್ಳೆ, ಪ್ರತಿಯೊಂದರ ನಡುವೆ ಸೂಜಿಯಲ್ಲಿ ಚುಚ್ಚಿದಂಗೆ ಗುಂಡಿ. ಮೊದಲು ದೊಡ್ಡವನಿಗೆ ಎರಡು ಬಂತು, ಅವ್ನು ಟೂತ್‌ಪಿಕ್ಕಲ್ಲಿ ಕೆದಕಿ ರಕ್ತ ಮಾಡ್ಕೊಂಡ, ತಿಂಗಳಲ್ಲಿ ಹದಿನೇಳಾಯ್ತು, ಒಂದೇ ಟವೆಲ್ ಆದ್ರಿಂದ ಚಿಕ್ಕವನಿಗೂ ಬಂತು. ಮೊಲಸ್ಕಮ್ ಅಂತೆ. ಅದೇ ಇರಬಹುದಾ ಇದು?

ಚರ್ಮದ_ಪಿಜಿ
ಇಲ್ಲ ಅನ್ಸತ್ತೆ. ಮೊಲಸ್ಕಮ್ ವೈರಸ್ಸಿಂದ, ಬಣ್ಣ ಮುತ್ತಿನದ್ದು, ಸಾಮಾನ್ಯವಾಗಿ ಹಲವು ಇರತ್ತೆ, ತಾನಾಗೇ ರಕ್ತ ಸುರಿಸಲ್ಲ, ಕಿತ್ತಿದ್ರೆ ಮಾತ್ರ. ಬಿಟ್ರೆ ತಾನೇ ಹೋಗತ್ತೆ, ಆದ್ರೆ ತಿಂಗಳುಗಳು, ಕೆಲವ್ರಿಗೆ ವರ್ಷ ದಾಟತ್ತೆ. ಟವೆಲ್ ಬೇರೆ ಮಾಡಿ, ಉಗುರು ಕತ್ತರಿಸಿ.

ನರುಳ್ಳೆನೂ ಹಂಗೇ. ಮೇಲ್ಮೈ ಒರಟು, ಹೂಕೋಸಿನ ಥರ, ಹತ್ತಿರದಿಂದ ನೋಡಿದ್ರೆ ಒಳಗೆ ಕಪ್ಪು ಚುಕ್ಕೆಗಳು ಕಾಣತ್ತೆ, ಜನ ಬೇರು ಅಂತಾರೆ, ಅದು ಬೇರಲ್ಲ, ಸಣ್ಣ ರಕ್ತನಾಳದೊಳಗೆ ಹೆಪ್ಪುಗಟ್ಟಿದ ರಕ್ತ. ಬ್ಲೇಡಲ್ಲಿ ಕೆರೆದ್ರೆ ರಕ್ತ ಬರೋದು ಅದಕ್ಕೇ. ಗೌಡ್ರೇ, ಕೂದಲು ಕಟ್ಟೋದು ನರುಳ್ಳೆಗೂ ಬೇಡ, ಬುಡ ಒಳಗೇ ಉಳಿಯತ್ತೆ. ಇದಕ್ಕಂತೂ ಬೇಡವೇ ಬೇಡ, ರಕ್ತದ ಗೊಂಚಲಿಗೆ ದಾರ ಬಿಗಿದು ಅರ್ಧ ಕತ್ತರಿಸಿದ್ರೆ ಮನೇಲಿ ಯಾರು ನಿಲ್ಲಿಸೋದು?

ಮಕ್ಕಳಿಗೆ ರಕ್ತ ಬರೋ ಗುಳ್ಳೆ ಅಂತ ಬರೋರಲ್ಲಿ ತುಂಬಾ ಮಂದಿದು ನಿಜ ಹೇಳ್ಬೇಕಂದ್ರೆ ಕೆರೆತ. ಸೊಳ್ಳೆ ಕಡಿತ, ಕಜ್ಜಿ. ರಾತ್ರಿ ಜಾಸ್ತಿ ಕೆರೀತಿದ್ರೆ, ಬೆರಳ ಸಂದಿಯಲ್ಲಿ, ಸೊಂಟದ ಸುತ್ತ ಇದ್ರೆ, ಮನೇಲಿ ಇನ್ನೂ ಇಬ್ಬರು ಕೆರ್ಕೊಂಡು ಕೂತಿದ್ರೆ ಅದು ಕಜ್ಜಿ, ಮಗುಗೊಂದಕ್ಕೇ ಔಷಧಿ ಹಚ್ಚಿ ಪ್ರಯೋಜನ ಇಲ್ಲ, ಇಡೀ ಮನೆ ಒಂದೇ ರಾತ್ರಿ ಹಚ್ಕೋಬೇಕು.

ಡಬ್ಲಿನ್_ಕನ್ನಡತಿ
ನಮ್ಮದು ಬೇರೆ ಕಥೆ. ಮಗಳಿಗೆ ಎರಡು ವಾರ ಆದಾಗ ಕೆಳದುಟಿ ಮೇಲೆ ಕೆಂಪು ಗೀರು, ಎರಡು ತಿಂಗಳಿಗೆ ಸ್ಟ್ರಾಬೆರಿ ಥರ ಉಬ್ಬಿತು. ಊರಿಗೆ ವಿಡಿಯೋ ಕಾಲ್ ಮಾಡಿದ್ರೆ ಅಮ್ಮ, ಬಸುರಲ್ಲಿ ಗ್ರಹಣ ನೋಡಿದ್ಯಾ ಅಂತ ಶುರು ಮಾಡಿದ್ರು. ಆಮೇಲೆ ಅದು ಹುಣ್ಣಾಗಿ ಹಾಲು ಕುಡಿಯೋವಾಗ್ಲೆಲ್ಲಾ ರಕ್ತ, ಮಗು ನೋವಿಗೆ ಕುಡಿಯೋದೇ ಬಿಡ್ತು. ಹಿಮ್ಯಾಂಜಿಯೋಮ, ಅಂದ್ರೆ ರಕ್ತನಾಳಗಳ ಗಂಟು ಅಂದ್ರು, ಪ್ರೊಪ್ರನೊಲಾಲ್ ಅಂತ ಹಾರ್ಟಿನ ಸಿರಪ್ ಕೊಟ್ರು. ಹಾರ್ಟಿನ ಔಷಧಿ ಕೂಸಿಗಾ ಅಂತ ನಾನು ಡಾಕ್ಟ್ರ ಹತ್ರ ಜಗಳನೇ ಆಡಿದ್ದೆ. ಅವರು ಹೇಳಿದ್ದು ಇನ್ನೂ ನೆನಪಿದೆ, ಫ್ರಾನ್ಸಿನ ಬೋರ್ಡೋದಲ್ಲಿ ಒಂದು ಮಗುಗೆ ಹೃದಯದ ತೊಂದರೆಗೆ ಅಂತ ಇದನ್ನ ಕೊಟ್ಟಿದ್ರಂತೆ, ಮಾರನೇ ದಿನ ನೋಡಿದ್ರೆ ಮೂಗಿನ ಮೇಲಿದ್ದ ಹಿಮ್ಯಾಂಜಿಯೋಮ ಬಣ್ಣ ಬದಲಾಗಿ ಮೆತ್ತಗಾಗಿತ್ತಂತೆ. ಅದು 2008ರಲ್ಲಿ ಪ್ರಕಟ ಆಯ್ತು, ಅಮೆರಿಕದಲ್ಲಿ 2014ರಲ್ಲಿ ಇದಕ್ಕೇ ಅಂತ ಅನುಮತಿನೂ ಸಿಕ್ತು. ನಮ್ಮವಳಿಗೂ ಮೊದಲ ವಾರದಲ್ಲೇ ಕಡುಕೆಂಪು ಹೋಗಿ ಮಬ್ಬು ನೇರಳೆ ಆಯ್ತು. ಒಂದೇ ಕಟ್ಟುನಿಟ್ಟು, ಹಾಲು ಕುಡಿಸದೆ ಸಿರಪ್ ಕೊಡೋ ಹಾಗಿಲ್ಲ, ವಾಂತಿ ಆಗ್ತಿದ್ರೆ ಆ ಡೋಸ್ ಬಿಡ್ಬೇಕು, ಶುಗರ್ ಇಳಿದುಬಿಡತ್ತೆ.

ಚರ್ಮದ_ಪಿಜಿ
ಚೆನ್ನಾಗಿ ಹೇಳಿದ್ರಿ. ಎರಡನ್ನೂ ಬೇರೆ ಮಾಡೋದು ವಯಸ್ಸೇ. ಹುಟ್ಟಿದ ಕೆಲವು ವಾರದಲ್ಲಿ ಶುರುವಾಗಿ ಮೊದಲ ಐದಾರು ತಿಂಗಳು ಬೆಳೆದು ಆಮೇಲೆ ವರ್ಷಗಳಲ್ಲಿ ನಿಧಾನ ಕರಗಿದ್ರೆ ಹಿಮ್ಯಾಂಜಿಯೋಮ. ತುಂಬಾ ಮಕ್ಕಳಿಗೆ ಔಷಧಿನೇ ಬೇಡ, ಆದ್ರೆ ಕಣ್ಣು ತುಟಿ ಮೂಗಿನ ಹತ್ರ ಇದ್ರೆ, ಹುಣ್ಣಾದ್ರೆ ಕಾಯ್ತಾ ಕೂರಬಾರ್ದು. ಐದು ವರ್ಷದ ಮಗುಗೆ ಇದ್ದಕ್ಕಿದ್ದಂಗೆ ಬಂದಿದ್ದು ಅದಲ್ಲ.

ಕಲಬುರ್ಗಿ_ತಾಯಿ
ಡಾಕ್ಟರ್ ಮೇಡಂ ಒಂದು ಕೇಳ್ತೀನ್ರಿ. ನನ್ ಮಗಗ ಏಳು ವರ್ಷ. ಹೋದ ವಾರ ನೆಗಡಿ ಕೆಮ್ಮು ಇತ್ತು. ನಿನ್ನೆಯಿಂದ ಮೊಣಕಾಲ ಕೆಳಗ, ಕುಂಡಿ ಮ್ಯಾಲ ಕೆಂಪು ಗುಳ್ಳಿ ಎದ್ದಾವ, ಕೈಯಾಡಿಸಿದ್ರ ಉಬ್ಬು ತಿಳಿತದ, ರಕ್ತ ಹೊರಗ ಬರಂಗಿಲ್ಲ ಒಳಗ ನಿಂತಂಗ ಕಾಣ್ತದ. ಹೊಟ್ಟಿ ನೋವು ಅಂತಾನ, ನಡಿಲಾಕ ಕಾಲು ನೋವು ಅಂತಾನ. ಧಗಿಗೆ ಎದ್ದಾವ ಅಂತ ಮನ್ಯಾಗ ಎಲ್ಲಾರು ಅನ್ಲತ್ತಾರ.

ಚರ್ಮದ_ಪಿಜಿ
ಅಕ್ಕಾ ಗಾಜಿನ ಲೋಟ ತಗೊಂಡು (ಸ್ಟೀಲ್ ಅಲ್ಲ, ಆಚೆ ಕಾಣ್ಬೇಕು) ಗುಳ್ಳೆ ಮೇಲೆ ಒತ್ತಿ ನೋಡಿ. ಕೆಂಪು ಮಾಯ ಆಗತ್ತಾ, ಹಂಗೇ ಉಳಿಯತ್ತಾ? ಮೈಬಣ್ಣ ಕಪ್ಪಿದ್ರೆ ಸರಿಯಾಗಿ ತಿಳಿಯಲ್ಲ, ಅಂಗಾಲು, ಬಾಯೊಳಗೂ ನೋಡಿ.

ಕಲಬುರ್ಗಿ_ತಾಯಿ
ಹಂಗೇ ಉಳಿತದ್ರಿ. ಹೋಗವಲ್ದು.

ಚರ್ಮದ_ಪಿಜಿ
ಇವತ್ತೇ ಮಕ್ಕಳ ಡಾಕ್ಟ್ರಿಗೆ ತೋರಿಸಿ, ನಾಳೆ ಅಲ್ಲ. ಒತ್ತಿದ್ರೂ ಹೋಗಲ್ಲ ಅಂದ್ರೆ ಚರ್ಮದ ಒಳಗೇ ರಕ್ತ ಸೋರಿದೆ ಅಂತ. ನೆಗಡಿ ಆದ್ಮೇಲೆ ಕಾಲು ಕುಂಡಿ ಮೇಲೆ ಉಬ್ಬು ಗುಳ್ಳೆ, ಜೊತೆಗೆ ಹೊಟ್ಟೆ ನೋವು ಕೀಲು ನೋವು ಇದ್ರೆ ಹೆನೋಕ್ ಶೋನ್ಲೈನ್ ಅನ್ನೋದು ಇರಬಹುದು, ಸಣ್ಣ ರಕ್ತನಾಳಗಳ ಊತ. ಬಹಳ ಮಕ್ಕಳು ಪೂರ್ತಿ ಗುಣ ಆಗ್ತಾರೆ ಆದ್ರೆ ಕಿಡ್ನಿಗೆ ತೊಂದರೆ ಆಗಿದೆಯಾ ಅಂತ ಮೂತ್ರ, ಬಿಪಿ ಪರೀಕ್ಷೆ ಮಾಡಿಸ್ಲೇಬೇಕು, ಮೇಲೆ ಚೆನ್ನಾಗಿ ಕಂಡ್ರೂ ಕೆಲವು ತಿಂಗಳು ಮೂತ್ರ ನೋಡ್ತಾ ಇರ್ಬೇಕು. ಪ್ಲೇಟ್ಲೆಟ್ ಕಡಿಮೆಯಾಗಿದ್ರೂ ಚುಕ್ಕೆ ಬರತ್ತೆ, ಡೆಂಗಿಯಲ್ಲೂ ಬರತ್ತೆ, ಆದ್ರೆ ಅವು ಸಾಮಾನ್ಯವಾಗಿ ಚಪ್ಪಟೆ. ಅದಕ್ಕೇ ರಕ್ತದ ಕೌಂಟೂ ಮಾಡಿಸ್ತಾರೆ. ಜ್ವರ ಇದ್ದು, ಮಗು ಮಂಕಾಗಿ, ಇಂಥ ಕಲೆ ಹರಡ್ತಾ ಹೋದ್ರೆ ಮಾತ್ರ ಲೋಟ ಗೀಟ ಹುಡುಕದೆ ನೇರ ಎಮರ್ಜೆನ್ಸಿಗೆ ಓಡಿ.

ಹುಬ್ಳಿ_ಮಾಮಾ
ಅಕ್ಕಾರ ಹೋಗಿ ಬಂದು ಇಲ್ಲಿ ತಿಳಸ್ರಿ.

ಶಾರದತ್ತೆ
ನಾನು ಅರವತ್ತೆಂಟರ ಮುದುಕಿ, ಮೊಮ್ಮಗಳು ಇದನ್ನ ಹಾಕಿಕೊಟ್ಟಿದ್ದಾಳೆ. ನಮ್ಮಮ್ಮ ಹುಟ್ಟಿದ ಮಕ್ಕಳ ಹೊಕ್ಕಳಲ್ಲಿ ಕೆಂಪಗೆ ಗುಳ್ಳೆ ಉಳಿದು ಒಸರುತ್ತಿದ್ದರೆ ಚಿಟಿಕೆ ಪುಡಿ ಉಪ್ಪು ಇಡುತ್ತಿದ್ದರು, ಒಣಗಿ ಹೋಗುತ್ತಿತ್ತು. ಇದಕ್ಕೂ ಉಪ್ಪು ಹಾಕಿ ನೋಡಬಹುದೇನೋ.

ಬೆಂಗ್ಳೂರ್_ಟೆಕ್ಕಿ
ಅಜ್ಜಿ ಇದೇನು ಉಪ್ಪಿನಕಾಯಾ? ಇಂಥ ವಾಟ್ಸಪ್ ಯೂನಿವರ್ಸಿಟಿ ಸಲಹೆ ಕೊಟ್ಟೇ ಜನ ಹಾಳಾಗೋದು. ಪ್ಲೀಸ್ ಇಗ್ನೋರ್ ಮಾಡಿ.

ಚರ್ಮದ_ಪಿಜಿ
ಟೆಕ್ಕಿ ಸಾರ್, ಅಜ್ಜಿ ಹೇಳಿದ್ದು ಬರೀ ಮಾತಲ್ಲ. ಹೊಕ್ಕಳ ಗ್ರಾನುಲೋಮಕ್ಕೆ ಅಡುಗೆ ಉಪ್ಪು ಈಗ್ಲೂ ಡಾಕ್ಟ್ರುಗಳೇ ಹೇಳಿಕೊಡ್ತಾರೆ, ಉಪ್ಪು ನೀರು ಎಳ್ಕೊಂಡು ಗುಳ್ಳೆ ಬತ್ತಿಸತ್ತೆ. ಪಯೋಜೆನಿಕ್ ಗ್ರಾನುಲೋಮಕ್ಕೂ ನಮ್ಮ ದೇಶದ ಚರ್ಮವೈದ್ಯರೇ ಉಪ್ಪು ಹಾಕಿ ಪ್ಲಾಸ್ಟರ್ ಮಾಡಿ ವಾಸಿ ಮಾಡಿ ಪೇಪರ್ ಬರೆದಿದಾರೆ. ಆದ್ರೆ ಅವರು ಮೊದಲು ಇದು ಅದೇ ಅಂತ ಖಚಿತ ಮಾಡ್ಕೊಂಡು, ಸುತ್ತಲ ಒಳ್ಳೆ ಚರ್ಮಕ್ಕೆ ವ್ಯಾಸಲೀನ್ ಹಚ್ಚಿ ಹಾಕಿದ್ದು. ಏನು ಅಂತ ಗೊತ್ತಿಲ್ಲದ ಗುಳ್ಳೆಗೆ ಉಪ್ಪು ಹಾಕಿ ಅದು ಮೆಲನೋಮ ಆಗಿದ್ರೆ ತಿಂಗಳು ಹಾಳು. ಹಾಗಾಗಿ ಅಜ್ಜಿ, ಈಗ ಬೇಡ, ಡಾಕ್ಟ್ರು ನೋಡ್ಲಿ, ಆಮೇಲೆ ಅವರನ್ನೇ ಕೇಳಿ.

ಬೆಂಗ್ಳೂರ್_ಟೆಕ್ಕಿ
ಸಾರಿ ಅಜ್ಜಿ. 🙏

ಶಾರದತ್ತೆ
ಇರಲಿ ಬಿಡಪ್ಪ. ಉಪ್ಪಿನಕಾಯೂ ಹಾಕುತ್ತೇನೆ.

ದಾವಣಗೆರೆ_ಬೆಣ್ಣೆ
ಟಿಮೊಲೋಲ್ ಅಂತ ಕಣ್ಣಿನ ಡ್ರಾಪ್ಸ್ ಇದೆಯಲ್ಲ, ಅದ್ನೂ ಇದಕ್ಕೆ ಹಾಕ್ತಾರಂತೆ ಯೂಟ್ಯೂಬಲ್ಲಿ ನೋಡ್ದೆ, ನಮ್ಮ ಮಾವನ ಹತ್ರ ಗ್ಲೂಕೋಮದ್ದು ಅರ್ಧ ಬಾಟ್ಲಿ ಇದೆ.

ಚರ್ಮದ_ಪಿಜಿ
ಮಾವನ ಬಾಟ್ಲಿ ಮಾವನಿಗೇ ಇರ್ಲಿ. ಹಾಕೋದು ನಿಜ, ಸಣ್ಣದಕ್ಕೆ, ಕತ್ತರಿಸೋಕೆ ಕಷ್ಟ ಆಗೋ ಜಾಗದಲ್ಲಿ. ವಾರಗಟ್ಲೆ ಬೇಕು, ಎಲ್ರಿಗೂ ಕೆಲಸ ಮಾಡಲ್ಲ. ರಕ್ತ ಬರ್ತಿರೋ ಜಾಗದಿಂದ ಅದು ಒಳಗೆ ಸೇರತ್ತೆ, ಮಕ್ಕಳ ನಾಡಿ ನಿಧಾನ ಮಾಡತ್ತೆ, ಆಸ್ತಮಾ ಇದ್ರೆ ಉಸಿರಿಗೂ ತೊಂದರೆ. ಡಾಕ್ಟ್ರು ಹನಿ ಎಣಿಸಿ ಹೇಳಿದ್ರೆ ಮಾತ್ರ.

ಪಾಪುಅಮ್ಮ_ಮೈಸೂರು
ಹೋಗಿ ಬಂದ್ವಿ!! ಡಾಕ್ಟ್ರು ಒಂದು ಲೈಟಿರೋ ಭೂತಗನ್ನಡಿ ಇಟ್ಟು ನೋಡಿ ಅದೇ ಹೆಸರು ಹೇಳಿದ್ರು. ಅವತ್ತೇ ತೆಗೆದ್ಬಿಟ್ರು. ಮೊದಲು ಕೆನ್ನೆಗೆ ಮರಗಟ್ಟೋ ಕ್ರೀಮ್ ಹಚ್ಚಿ ಮೇಲೆ ಪ್ಲಾಸ್ಟಿಕ್ ಅಂಟಿಸಿ ಒಂದು ಗಂಟೆ ಹೊರಗೆ ಕೂರಿಸಿದ್ರು, ಆಮೇಲೆ ಸಣ್ಣ ಇಂಜೆಕ್ಷನ್, ಅದೊಂದಕ್ಕೇ ಅತ್ತಿದ್ದು. ಅವಳ ಅಪ್ಪ ತಲೆ ಹಿಡ್ಕೊಂಡ್ರು ನಾನು ಕಾಲು. ಸ್ಪೂನ್ ಥರದ್ದರಲ್ಲಿ ಕೆರೆದು ತೆಗೆದು ಬುಡ ಸುಟ್ರು, ಕೂದಲು ಸುಟ್ಟ ವಾಸನೆ ಬಂತು, ಅವ್ರಪ್ಪ ಬೆವೆತು ಕುರ್ಚಿ ಕೇಳಿದ್ರು, ಮಗಳಲ್ಲ. ತೆಗೆದಿದ್ದನ್ನ ನೀರಿನಂಥ ದ್ರಾವಣ ಇರೋ ಪುಟ್ಟ ಡಬ್ಬಿಗೆ ಹಾಕಿ ಹೆಸರು ಬರೆದು ಬಯಾಪ್ಸಿಗೆ ಕಳಿಸಿದ್ರು. ಅಲ್ಲಿ ನೋಡಿದ್ರೆ ಎಷ್ಟು ಸಣ್ಣದು ಅಂತೀರಾ, ಇದಕ್ಕಾ ನಾನು ಹತ್ತು ದಿನ ನಿದ್ದೆ ಬಿಟ್ಟಿದ್ದು ಅನ್ನಿಸ್ತು. ಹೊಲಿಗೆ ಇಲ್ಲ.

ಅವಳಿ_ಅಪ್ಪ
ಅಪ್ಪಂದಿರ ಪರವಾಗಿ ಆ ಕುರ್ಚಿಗೆ ನನ್ನ ಬೆಂಬಲ.

ತುಮಕೂರು_ರಾಧೆ
ಬಯಾಪ್ಸಿಗೆ ಕಳಿಸಿದ್ದು ಒಳ್ಳೇದಾಯ್ತು. ನನ್ನ ಮಗನಿಗೆ ತುಟಿ ಮೇಲೆ ಆಗಿತ್ತು, ಒಂದು ಕ್ಲಿನಿಕ್ಕಲ್ಲಿ ಸುಟ್ಟು ತುಂಡನ್ನ ಕಸದ ಬುಟ್ಟಿಗೆ ಹಾಕಿದ್ರು, ಕೇಳಿದ್ರೆ ಏನಿಲ್ಲಮ್ಮ ಸುಮ್ನೆ ಖರ್ಚು ಅಂದ್ರು. ಒಂದೂವರೆ ತಿಂಗಳಿಗೆ ಅದೇ ಜಾಗದಲ್ಲಿ ಮತ್ತೆ ಬಂತು, ಮೊದಲಿದ್ದದ್ದು ಏನು ಅಂತ ಹೇಳಕ್ಕೆ ಕೈಯಲ್ಲಿ ಒಂದು ಚೀಟಿನೂ ಇಲ್ಲ. ಎರಡನೇ ಡಾಕ್ಟ್ರು ಬುಡ ಸಮೇತ ತೆಗ್ದು ಹೊಲಿಗೆ ಹಾಕಿದ್ರು. ಅದೇ ಕಾಯಿಲೆನೇ, ಏನೂ ಅಪಾಯ ಇರ್ಲಿಲ್ಲ, ಆದ್ರೆ ರಿಪೋರ್ಟ್ ಬರೋ ತನಕ ನನಗಾದ ಸಂಕಟ ಯಾರಿಗೂ ಬೇಡ.

ಚರ್ಮದ_ಪಿಜಿ
ಬುಡ ಒಂಚೂರು ಉಳಿದ್ರೂ ಮತ್ತೆ ಬರತ್ತೆ, ಡಾಕ್ಟ್ರು ಚೆನ್ನಾಗೇ ಮಾಡಿದ್ರೂ ಕೆಲವ್ರಿಗೆ ಬರತ್ತೆ. ಪಾಪುಅಮ್ಮ, ಹಕ್ಕಳೆ ಕೀಳಕ್ಕೆ ಬಿಡಬೇಡಿ, ತಾನೇ ಬೀಳ್ಲಿ. ಬಿದ್ದ ಮೇಲೆ ಬಿಸಿಲಿಗೆ ಹೋಗೋವಾಗ ಸನ್‌ಸ್ಕ್ರೀನ್, ಇಲ್ಲಾಂದ್ರೆ ಕಲೆ ಕಪ್ಪಾಗತ್ತೆ.

ಕಲಬುರ್ಗಿ_ತಾಯಿ
ಮೇಡಂ ನೀವು ಹೇಳಿದ್ದೇ ಅದ ಅಂತ್ರಿ, ಹೆನೋಕ್. ಮೂರು ದಿನ ಅಡ್ಮಿಟ್ ಇದ್ವಿ. ಪ್ಲೇಟ್ಲೆಟ್ 3 ಲಕ್ಷ ಮ್ಯಾಲ ಅದ, ನಾರ್ಮಲ್ ಅಂದ್ರು. ಮೂತ್ರದಾಗ ಸದ್ಯ ಏನಿಲ್ಲ, ವಾರಕ್ಕೊಮ್ಮಿ ತರ್ರಿ ಅಂದಾರ. ಈಗ ಹೊಟ್ಟಿ ನೋವು ಕಡಿಮಿ, ರೊಟ್ಟಿ ಉಂಡಾನ.

ಹುಬ್ಳಿ_ಮಾಮಾ
ಭಾಳ ಚಲೋ ಆತ್ರಿ.

ಪಾಪುಅಮ್ಮ_ಮೈಸೂರು
ರಿಪೋರ್ಟ್ ಬಂತು. ಲಾಬ್ಯುಲರ್ ಕ್ಯಾಪಿಲ್ಲರಿ ಹಿಮ್ಯಾಂಜಿಯೋಮ ಅಂತಿದೆ, ಹಿಮ್ಯಾಂಜಿಯೋಮ ನೋಡಿ ಎದೆ ಧಸಕ್ ಅಂತು, ಡಾಕ್ಟ್ರಿಗೆ ಫೋನ್ ಮಾಡಿದ್ರೆ ಪಯೋಜೆನಿಕ್ ಗ್ರಾನುಲೋಮದ ಸರಿಯಾದ ಹೆಸರೇ ಅದಂತೆ, ಕೂಸುಗಳಿಗೆ ಬರೋ ಹಿಮ್ಯಾಂಜಿಯೋಮ ಬೇರೆಯಂತೆ. ಹಕ್ಕಳೆ ಒಂಬತ್ತನೇ ದಿನ ಬಿತ್ತು, ಒಳಗೆ ಗುಲಾಬಿ ಚರ್ಮ ಬಂದಿದೆ. ರಕ್ತ ಇಲ್ಲದೇ ಮೂರು ವಾರ ಆಯ್ತು, ಆದ್ರೂ ಬೆಳಿಗ್ಗೆ ಎದ್ದ ತಕ್ಷಣ ದಿಂಬಿನ ಕವರ್ ತಿರುಗಿಸಿ ನೋಡ್ತೀನಿ. ಯೂನಿಫಾರ್ಮ್ ಕಾಲರ್ ಕಲೆ ಮಾತ್ರ ಹೋಗ್ತಿಲ್ಲ, ಯಾರಿಗಾದ್ರೂ ಗೊತ್ತಿದ್ರೆ ಹೇಳಿ.

ಶಾರದತ್ತೆ
ತಣ್ಣೀರಲ್ಲಿ ಉಪ್ಪು ಕಲಸಿ ರಾತ್ರಿಯಿಡೀ ನೆನೆಹಾಕು ಮಗಳೇ, ಬಿಸಿನೀರು ಮುಟ್ಟಿಸಬೇಡ.